ವಾಚು ಕಸ್ಟಮ್ಸ್‌ನಲ್ಲಿ ಕೂತಿದೆ

1962ರ ಕಸ್ಟಮ್ಸ್ ಕಾಯ್ದೆಯ 123ನೇ ಕಲಮನ್ನು ವಿದೇಶದಿಂದ ವಾಚು ತರಿಸುವ ಹುಚ್ಚು ಹತ್ತಿದವರು ಒಮ್ಮೆಯಾದರೂ ಓದಬೇಕು. ಮಾಮೂಲಿ ಲೆಕ್ಕದಲ್ಲಿ ಕಳ್ಳಸಾಗಣೆಯ ಆರೋಪ ಹೊರಿಸಿದವರೇ ಅದನ್ನು ಸಾಬೀತು ಮಾಡಬೇಕು. ಈ ಕಲಂ ಆ ಲೆಕ್ಕವನ್ನು ತಿರುವಿ ಹಾಕುತ್ತೆ. ಇದು ಕಳ್ಳಮಾಲು ಎಂದು ನಂಬಲು ಕಾರಣ ಇದೆ ಅಂತ ಅಧಿಕಾರಿ ಜಪ್ತಿ ಮಾಡಿದರೆ, ಅಲ್ಲ ಅಂತ ತೋರಿಸಿಕೊಡಬೇಕಾದ್ದು ಅದು ಯಾರ ಬಳಿ ಸಿಕ್ಕಿತೋ ಅವರು. ಎಲ್ಲ ವಸ್ತುಗಳಿಗೂ ಈ ಕಲಂ ಇಲ್ಲ. ಹೆಸರು ಹಿಡಿದು ಬರೆದಿರುವುದು ಚಿನ್ನ, ಚಿನ್ನದಿಂದ ಮಾಡಿದ್ದು, ಅದು ಬಿಟ್ಟರೆ ವಾಚು. ಬೇರೆ ಏನನ್ನಾದರೂ ಸೇರಿಸಬೇಕೆಂದರೆ ಸರ್ಕಾರ ಪ್ರತ್ಯೇಕವಾಗಿ ಅಧಿಸೂಚನೆ ಹೊರಡಿಸಬೇಕು. ಕ್ಯಾಮೆರಾದ ಹೆಸರಿಲ್ಲ, ಮೊಬೈಲಿನ ಹೆಸರಿಲ್ಲ. ವಾಚಿನ ಹೆಸರಿದೆ.

ಕಾರಣ ಹಳೆಯದು. ಬೆಂಗಳೂರಿನ ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರ ಮಾಡಲು ಶುರುಮಾಡಿದ್ದು 1961ರಲ್ಲಿ. ಕಾಯ್ದೆ ಬಂದದ್ದು ಅದರ ಮರುವರ್ಷ. ಬೇಡಿಕೆ ಬೆಟ್ಟದಷ್ಟಿತ್ತು, ಆಮದಿಗೆ ಬಾಗಿಲು ಮುಚ್ಚಿತ್ತು. ಅಂಗೈಯಲ್ಲಿ ಅಡಗುವ, ತೂಕವಿಲ್ಲದ, ಬೆಲೆ ಮಾತ್ರ ಭಾರವಾದ ಸರಕು ಇನ್ನೊಂದಿರಲಿಲ್ಲ. ಮದ್ರಾಸಿನ ಬರ್ಮಾ ಬಜಾರಿನಲ್ಲಿ, ನಮ್ಮ ಭಟ್ಕಳದ ಪೇಟೆಯಲ್ಲಿ ‘ಫಾರಿನ್ ಐಟಂ’ ಎಂಬ ಮಾತಿಗೆ ಒಂದು ತೂಕವಿತ್ತು. ಆ ಕಾಲ ಹೋಯಿತು. ವಾಚು ಎಂಬ ಪದ ಮಾತ್ರ ಕಲಮಿನೊಳಗೆ ಉಳಿದುಕೊಂಡಿದೆ. ಹೀಗಾಗಿ ಪಾರ್ಸೆಲ್ಲಿನ ಮೇಲೆ ‘ರಿಸ್ಟ್ ವಾಚ್’ ಅಂತ ಕಂಡಾಗ ಎಕ್ಸ್‌ರೇ ಮುಂದೆ ಕೂತವರು ಒಂದು ಕ್ಷಣ ಹೆಚ್ಚು ನೋಡಿದರೆ ಅದರಲ್ಲಿ ವೈಯಕ್ತಿಕ ದ್ವೇಷವೇನೂ ಇಲ್ಲ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅನ್ನುವ ಗಾದೆಯನ್ನು ನಾವು ಬೇಸರದಿಂದ ಆಡುತ್ತೇವೆ. ಅದನ್ನೇ ಕೆಲಸದ ಸೂಚನೆಯ ಹಾಗೆ ಓದಿದರೆ ಬಹಳ ಉಪಯೋಗವಿದೆ. ಅಲ್ಲಿ ಕೂತವರಿಗೆ ಬೇಕಾದ್ದು ನಿಮ್ಮ ಕತೆಯಲ್ಲ, ಕಾಗದ. ಆ ಕಾಗದಗಳಲ್ಲಿ ಹೆಚ್ಚಿನವು ಹುಟ್ಟುವುದು ಆರ್ಡರ್ ಮಾಡುವ ದಿನ. ವಾಚು ವಿಮಾನ ಹತ್ತಿದ ಮೇಲೆ ದಿನಕ್ಕೆ ಇಪ್ಪತ್ತು ಸಲ ಟ್ರ್ಯಾಕಿಂಗ್ ಪುಟ ತೆರೆಯುವ ಆತಂಕ ಇದೆಯಲ್ಲ, ಅದನ್ನು ಎರಡು ವಾರ ಮುಂಚೆ, ಹಣ ಕಟ್ಟುವ ಮೊದಲು ಪಟ್ಟಿದ್ದರೆ ಏನಾದರೂ ಗಿಟ್ಟುತ್ತಿತ್ತು.

ಮೊದಲು ಲೆಕ್ಕ. ವಾಚಿನ ಬೆಲೆ 20,000 ರೂಪಾಯಿ, ಸಾಗಣೆ 1,500 ಅಂತ ಇಟ್ಟುಕೊಳ್ಳಿ. ವಿಮೆ ಎಷ್ಟೆಂದು ಬಿಲ್ಲಿನಲ್ಲಿ ಇಲ್ಲದಿದ್ದರೆ ಕಸ್ಟಮ್ಸ್‌ನವರು ಸರಕಿನ ಬೆಲೆಯ ಶೇ. 1.125 ಅಂತ ಹಿಡಿಯುತ್ತಾರೆ. ಇಲ್ಲಿ ಅದು 225 ರೂಪಾಯಿ. ಮೂರೂ ಸೇರಿ 21,725. ಸುಂಕ ಬೀಳುವುದು ಈ ಮೊತ್ತದ ಮೇಲೆ, ಬರೀ ವಾಚಿನ ಬೆಲೆಯ ಮೇಲಲ್ಲ. ಕೈಗಡಿಯಾರದ ಮೂಲ ಸುಂಕ 2018ರ ಬಜೆಟ್‌ನಲ್ಲಿ ಶೇ. 10ರಿಂದ 20ಕ್ಕೆ ಏರಿತು. ಅದರಂತೆ 4,345 ರೂಪಾಯಿ. ಅದರ ಹತ್ತನೇ ಒಂದು ಭಾಗ ಸಮಾಜ ಕಲ್ಯಾಣ ಸರ್ಚಾರ್ಜ್, 434 ರೂಪಾಯಿ 50 ಪೈಸೆ. ಎಲ್ಲ ಕೂಡಿಸಿದರೆ 26,504 ರೂಪಾಯಿ 50 ಪೈಸೆ. ಇದರ ಮೇಲೆ ಶೇ. 18 ಐಜಿಎಸ್‌ಟಿ, ಅಂದರೆ ಆಮದಿಗೆ ಹಾಕುವ ಜಿಎಸ್‌ಟಿ, 4,770 ರೂಪಾಯಿ 81 ಪೈಸೆ. ಒಟ್ಟು ಕಟ್ಟಬೇಕಾದ್ದು 9,550 ರೂಪಾಯಿ ಚಿಲ್ಲರೆ. ಶೇಕಡಾವಾರು ಹೇಳುವುದಾದರೆ 43.96. ಬಹಳ ಜನ 20ಕ್ಕೆ 18 ಕೂಡಿಸಿ 38 ಅಂದುಕೊಂಡಿರುತ್ತಾರೆ. ತೆರಿಗೆಯ ಮೇಲೆ ತೆರಿಗೆ ಕೂರುವುದನ್ನು ಮರೆಯುವುದರಿಂದ ಆಗುವ ತಪ್ಪು ಅದು. ಇದರ ಮೇಲೆ ಕೊರಿಯರ್ ಕಂಪನಿ ನಿಮ್ಮ ಪರವಾಗಿ ಸುಂಕ ಕಟ್ಟಿದ್ದಕ್ಕೆ ಬೇರೆ ಶುಲ್ಕ ಹಾಕುತ್ತೆ, ಆ ಶುಲ್ಕಕ್ಕೂ ಜಿಎಸ್‌ಟಿ ಇರುತ್ತೆ.

ಡಾಲರನ್ನೋ ಯೆನ್ನನ್ನೋ ರೂಪಾಯಿಗೆ ತಿರುಗಿಸುವುದು ಮಾರುಕಟ್ಟೆ ದರದಲ್ಲಿ ಅಲ್ಲ. ಆಮದಿಗೆ ಕಸ್ಟಮ್ಸ್‌ನದೇ ವಿನಿಮಯ ದರ ಇದೆ, ತಿಂಗಳಿಗೆ ಎರಡು ಸಲ ಪ್ರಕಟವಾಗುತ್ತೆ, ಸಾಮಾನ್ಯವಾಗಿ ಮೊಬೈಲಿನಲ್ಲಿ ಕಾಣುವ ದರಕ್ಕಿಂತ ತುಸು ಹೆಚ್ಚೇ ಇರುತ್ತೆ. ನೂರಿನ್ನೂರು ರೂಪಾಯಿ ವ್ಯತ್ಯಾಸ ಬಂದರೆ ಯಾರೋ ಮೋಸ ಮಾಡಿದರು ಅಂತ ಕೂಗಾಡುವ ಮೊದಲು ಆ ದರ ನೋಡಿ.

ಇನ್ನೊಂದು ದಾರಿಯಲ್ಲೂ ಸುಂಕ ಬೀಳಬಹುದು. ಅಂಚೆಯಲ್ಲಿ ಅಥವಾ ವಿಮಾನದಲ್ಲಿ ಸ್ವಂತ ಬಳಕೆಗೆ ಬರುವ ಹೆಚ್ಚಿನ ಸರಕಿಗೆ ಸುಂಕದ ಪಟ್ಟಿಯಲ್ಲಿ 9804 ಎಂಬ ಒಂದೇ ತಲೆಬರಹ ಇದೆ. ಅದರ ಮೂಲ ದರ ಮೊದಲು ಶೇ. 35 ಇತ್ತು, 2025ರ ಬಜೆಟ್ ಅದನ್ನು 20ಕ್ಕೆ ತಂದಿತು, 2026ರ ಬಜೆಟ್ ಭಾಷಣದಲ್ಲಿ 10ಕ್ಕೆ ಇಳಿಸುವ ಪ್ರಸ್ತಾಪ ಬಂತು. ಹಾಗಾಗಿ ಬಿಲ್ ಆಫ್ ಎಂಟ್ರಿ, ಅಂದರೆ ಸುಂಕದ ಲೆಕ್ಕ ಹಾಕಿದ ಕಸ್ಟಮ್ಸ್ ಪತ್ರ, ಕೈಗೆ ಬಂದಾಗ ಮೊತ್ತಕ್ಕಿಂತ ಮೊದಲು ಆ ನಾಲ್ಕು ಅಂಕಿಗಳ ಮೇಲೆ ಕಣ್ಣು ಹಾಯಿಸಬೇಕು. 9102 ಅಂತ ಇದ್ದರೆ ವಾಚಿನ ಸ್ವಂತ ತಲೆಬರಹ, 9804 ಅಂತ ಇದ್ದರೆ ಸ್ವಂತ ಬಳಕೆಯದು. ಒಂದೇ ವಾಚು, ಒಂದೇ ಅಂಗಡಿ, ಇಬ್ಬರು ಗೆಳೆಯರಿಗೆ ಬೇರೆ ಬೇರೆ ಸುಂಕ ಬಿದ್ದಿದ್ದರ ಹಿಂದೆ ಬಹಳ ಸಲ ಇರುವುದು ಇಷ್ಟೇ.

ವಾಚಿನ ತಲೆಬರಹಗಳಲ್ಲೂ ಒಂದು ಸೂಕ್ಷ್ಮ ಇದೆ. ಕೇಸು ಚಿನ್ನದ್ದೋ ಬೆಳ್ಳಿಯದೋ ಆಗಿದ್ದರೆ, ಅಥವಾ ಅಮೂಲ್ಯ ಲೋಹದ ತಗಡನ್ನು ಹೊದಿಸಿದ್ದರೆ 9101. ಸ್ಟೀಲು, ಟೈಟಾನಿಯಂ, ಹಿತ್ತಾಳೆಗೆ ಚಿನ್ನದ ಲೇಪ ಕೊಟ್ಟದ್ದು ಇವೆಲ್ಲ 9102. ಮಾರುವವನು ಉತ್ಸಾಹದಲ್ಲಿ ‘ಗೋಲ್ಡ್ ವಾಚ್’ ಅಂತ ಬರೆದುಬಿಟ್ಟರೆ ಲೇಪದ ವಾಚು ಚಿನ್ನದ ವಾಚಿನ ಸಾಲಿನಲ್ಲಿ ನಿಲ್ಲುತ್ತೆ. ‘ಗೋಲ್ಡ್ ಪ್ಲೇಟೆಡ್, ಬೇಸ್ ಮೆಟಲ್ ಕೇಸ್’ ಅಂತ ಬರೆಯಿಸುವುದು ಆರ್ಡರ್ ದಿನವೇ ಮಾಡಬೇಕಾದ ಕೆಲಸ. 9102ರ ಒಳಗೆ ಮುಳ್ಳಿರುವ ಕ್ವಾರ್ಟ್ಜ್ ವಾಚು 9102.11, ತಾನೇ ಕೀ ತುಂಬಿಕೊಳ್ಳುವ ಆಟೊಮ್ಯಾಟಿಕ್ 9102.21. ಬಿಡಿಭಾಗ ತರಿಸಿ ತಾವೇ ವಾಚು ಜೋಡಿಸುವವರಿಗೆ ಇನ್ನಷ್ಟು ತಲೆಬರಹಗಳಿವೆ. ವಾಚಿನ ಒಳಯಂತ್ರ, ಅಂದರೆ ಮೂವ್‌ಮೆಂಟ್, 9108, ಕೇಸು 9111, ಪಟ್ಟಿ 9113, ಡಯಲ್ಲು ಮತ್ತಿತರ ಭಾಗ 9114. ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿ ‘ವಾಚ್ ಪಾರ್ಟ್ಸ್’ ಅಂತ ಬರೆದು ಕಳಿಸುವ ಅಂಗಡಿಗಳೇ ಹೆಚ್ಚು. ಎನ್‌ಎಚ್35 ಮಾದರಿಯ ಮೂವ್‌ಮೆಂಟು ಒಂದು, ಡಯಲ್ಲು ಒಂದು, ಮುಳ್ಳಿನ ಜೊತೆ ಒಂದು ಅಂತ ಸಾಲು ಸಾಲಾಗಿ ಬೆಲೆ ಹಾಕಿದ ಬಿಲ್ ಕೇಳಿ ಪಡೆಯುವುದು ಒಳ್ಳೆಯದು. ಸ್ಮಾರ್ಟ್ ವಾಚಿನ ವಿಷಯ ಬೇರೆಯೇ. ಅದರೊಳಗೆ ರೇಡಿಯೊ ಇರುವುದರಿಂದ ಬಿಐಎಸ್ ನೋಂದಣಿ, ವೈರ್‌ಲೆಸ್ ಅನುಮತಿ ಅಂತೆಲ್ಲ ಶುರುವಾಗುತ್ತೆ. ಅದನ್ನು ಇಲ್ಲಿಯೇ ಕೊಳ್ಳುವುದು ಲೇಸು.

ಈಗ ಎಲ್ಲರೂ ಪಿಸುಮಾತಿನಲ್ಲಿ ಕೇಳುವ ಪ್ರಶ್ನೆ. ಮಾರುವವನೇ, ‘ಗಿಫ್ಟ್ ಅಂತ ಬರೆಯಲಾ? ಬೆಲೆ 20 ಡಾಲರ್ ಹಾಕಲಾ?’ ಅಂತ ಉಪಕಾರ ಮಾಡುವವನ ಹಾಗೆ ಕೇಳುತ್ತಾನೆ.

ಗಿಫ್ಟಿನ ಬಾಗಿಲು 2019ರ ಡಿಸೆಂಬರ್ 12ರಂದು ಮುಚ್ಚಿತು. ಅಲ್ಲಿಯವರೆಗೆ 5,000 ರೂಪಾಯಿವರೆಗಿನ ಉಡುಗೊರೆಗೆ ಸುಂಕ ಇರಲಿಲ್ಲ. ಆನ್‌ಲೈನ್ ಅಂಗಡಿಗಳು ಎಲ್ಲ ಸರಕನ್ನೂ ಉಡುಗೊರೆ ಅಂತ ಕಳಿಸತೊಡಗಿದ ಮೇಲೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಅದನ್ನು ನಿಲ್ಲಿಸಿತು. ಜೀವರಕ್ಷಕ ಔಷಧ ಮತ್ತು ರಾಖಿ, ಇವೆರಡಕ್ಕೆ ಮಾತ್ರ ವಿನಾಯಿತಿ ಉಳಿಯಿತು. ರಾಖಿಯ ಜೊತೆಗೆ ಬರುವ ಉಡುಗೊರೆಗಲ್ಲ, ರಾಖಿಗೆ. ಅಮೆರಿಕದಲ್ಲಿರುವ ತಂಗಿ ನಿಜವಾಗಿಯೂ ಅಣ್ಣನಿಗೆ ವಾಚು ಕಳಿಸಬಹುದು, ತಪ್ಪೇನಿಲ್ಲ, ಪೂರ್ತಿ ಸುಂಕ ಕಟ್ಟಿ ಬಿಡಿಸಿಕೊಳ್ಳಬೇಕು. ಅಂದಮೇಲೆ ಕೊಂಡದ್ದನ್ನು ಗಿಫ್ಟ್ ಅಂತ ಬರೆಸುವುದರಿಂದ ಒಂದು ಪೈಸೆ ಉಳಿಯುವುದಿಲ್ಲ, ಸುಳ್ಳು ಹೇಳಿದ ದಾಖಲೆ ಮಾತ್ರ ಉಳಿಯುತ್ತೆ.

ಬೆಲೆ ಇಳಿಸಿ ಬರೆಸುವುದಕ್ಕೆ ನಮ್ಮ ಹಿರಿಯರು ಆಗಲೇ ಒಂದು ಹೆಸರಿಟ್ಟಿದ್ದಾರೆ: ಘಟ್ಟಕುಟೀಪ್ರಭಾತ ನ್ಯಾಯ. ಸುಂಕ ತಪ್ಪಿಸಲು ರಾತ್ರಿಯೆಲ್ಲ ಅಡ್ಡದಾರಿಯಲ್ಲಿ ಗಾಡಿ ಹೊಡೆದ ವ್ಯಾಪಾರಿಗೆ ಬೆಳಗಾದದ್ದು ಸುಂಕದ ಕಟ್ಟೆಯ ಎದುರಿಗೇ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಎಂಬ ಬಡಾವಣೆಯ ಹೆಸರು ಓದುತ್ತ ದಿನಾ ಓಡಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಧಿಕಾರಿಯ ಮುಂದೆಯೂ ಇಂಟರ್‌ನೆಟ್ ಇದೆ. ಡಯಲ್ಲಿನ ಮೇಲಿನ ಹೆಸರು, ಹಿಂಬದಿ ಮುಚ್ಚಳದ ಮೇಲಿನ ಮಾದರಿ ಸಂಖ್ಯೆ ಟೈಪ್ ಮಾಡಿದರೆ ಅರ್ಧ ನಿಮಿಷದಲ್ಲಿ ಬೆಲೆ ಸಿಗುತ್ತೆ. ಘೋಷಿಸಿದ ಬೆಲೆಯ ಬಗ್ಗೆ ಸಕಾರಣ ಅನುಮಾನ ಬಂದರೆ ಅದನ್ನು ತಳ್ಳಿಹಾಕಲು 2007ರ ಮೌಲ್ಯನಿರ್ಣಯ ನಿಯಮಗಳ 12ನೇ ನಿಯಮ ಅವಕಾಶ ಕೊಡುತ್ತೆ. ತಪ್ಪು ಘೋಷಣೆ ಅಂತ ತೀರ್ಮಾನವಾದರೆ ಕಾಯ್ದೆಯ 111ನೇ ಕಲಮಿನಡಿ ಸರಕು ಮುಟ್ಟುಗೋಲು, 112ರಡಿ ದಂಡ. ವಾಚು ಬೇಕೇ ಬೇಕೆಂದರೆ 125ರಡಿ ಬಿಡುಗಡೆಗೆ ಬೇರೆ ದಂಡ, ಅದರ ಮೇಲೆ ಸುಂಕ ಇದ್ದೇ ಇದೆ. ಇದೆಲ್ಲ ಆಗದೆ ದಾಟಿತು ಅಂತಲೇ ಇಟ್ಟುಕೊಳ್ಳೋಣ. ದಾರಿಯಲ್ಲಿ ಪಾರ್ಸೆಲ್ ಕಳೆದುಹೋದರೆ ಪರಿಹಾರ ಸಿಗುವುದು ಘೋಷಿಸಿದ ಬೆಲೆಗೆ. 300 ಡಾಲರಿನ ವಾಚಿಗೆ 20 ಡಾಲರು. ಎಷ್ಟೋ ಜನ ಈ ಕೊನೆಯ ಲೆಕ್ಕವನ್ನು ಹಾಕಿರುವುದೇ ಇಲ್ಲ.

ಇದರ ಇನ್ನೊಂದು ಮುಖವೂ ಇದೆ, ಪ್ರಾಮಾಣಿಕರಿಗೆ ಆಗುವ ಫಜೀತಿ. ಸೇಲಿನಲ್ಲಿ ಅರ್ಧ ಬೆಲೆಗೆ ಕೊಂಡಿರುತ್ತೀರಿ, ಇಂಟರ್‌ನೆಟ್ಟಿನಲ್ಲಿ ಪೂರ್ತಿ ಬೆಲೆ ಕಾಣುತ್ತೆ. ಅನುಮಾನ ಬರುವುದು ಸಹಜ. ಆರ್ಡರ್ ಮಾಡುವ ಹೊತ್ತಿಗೇ ಸೇಲಿನ ಪುಟದ ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಿ. ಬಿಲ್ಲಿನಲ್ಲಿ ಮೂಲ ಬೆಲೆ, ರಿಯಾಯಿತಿ, ಕೊಟ್ಟ ಮೊತ್ತ ಮೂರೂ ಬೇರೆ ಬೇರೆ ಸಾಲಿನಲ್ಲಿ ಇರಲಿ. ಕಾರ್ಡಿನ ಸ್ಟೇಟ್‌ಮೆಂಟು ಕೊಡುವಾಗ ವಿದೇಶಿ ಕರೆನ್ಸಿಯ ಮೊತ್ತ ಕಾಣುವ ಪುಟ ಕೊಡಿ. ಬ್ಯಾಂಕು ತನ್ನ ಮಾರ್ಕಪ್ ಸೇರಿಸಿದ ರೂಪಾಯಿ ಮೊತ್ತ ಮಾತ್ರ ತೋರಿಸಿದರೆ ಬಿಲ್ಲಿಗೂ ಅದಕ್ಕೂ ತಾಳೆಯಾಗದೆ ಇನ್ನೊಂದು ಪ್ರಶ್ನೆ ಹುಟ್ಟುತ್ತೆ. ಜಪಾನಿನಲ್ಲಿ ಮಧ್ಯವರ್ತಿ ಸಂಸ್ಥೆಯ ಮೂಲಕ ಹರಾಜಿನಲ್ಲಿ ಕೊಳ್ಳುವವರಿಗೆ ಹಣ ಎರಡು ಮೂರು ಕಂತಿನಲ್ಲಿ ಹೋಗಿರುತ್ತೆ: ವಾಚಿಗೆ ಒಂದು, ಜಪಾನಿನೊಳಗಿನ ಸಾಗಣೆಗೆ ಒಂದು, ಭಾರತಕ್ಕೆ ಕಳಿಸುವುದಕ್ಕೆ ಒಂದು. ಇವನ್ನು ಒಂದೇ ಹಾಳೆಯಲ್ಲಿ ಕೂಡಿಸಿ ತೋರಿಸಿ. ಯುರೋಪಿನ ಅಂಗಡಿಯಾದರೆ ಹೊರದೇಶಕ್ಕೆ ಕಳಿಸುವಾಗ ಅಲ್ಲಿನ ವ್ಯಾಟ್ ಕಳೆಯುತ್ತಾರೋ ಇಲ್ಲವೋ ಕೇಳಿ. ಜರ್ಮನಿಯಲ್ಲಿ ಅದು ಶೇ. 19. ಕಳೆಯದಿದ್ದರೆ ಅಲ್ಲಿಯ ತೆರಿಗೆಯ ಮೇಲೆ ಇಲ್ಲಿಯ ಸುಂಕ ಕಟ್ಟಿದ ಹಾಗೆ ಆಗುತ್ತೆ.

ಪ್ಯಾಕಿಂಗ್ ವಿಷಯದಲ್ಲಿ ಒಂದು ಮಾತು. ವಾಚಿನ ಪೆಟ್ಟಿಗೆ ನೋಡಲು ಚೆಂದ, ಜಾಗ ಬಹಳ ತಿನ್ನುತ್ತೆ. ಕೊರಿಯರಿನವರು ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿ ತೂಕ ಕಟ್ಟುತ್ತಾರೆ. 25, 20, 15ರ ಡಬ್ಬಿಯಾದರೆ ಒಂದೂವರೆ ಕಿಲೊ. ಒಳಗಿನ ವಾಚು 150 ಗ್ರಾಂ ಇರಬಹುದು. ಸಾಗಣೆ ಖರ್ಚು ಏರಿದರೆ ಅದೂ ಸುಂಕದ ಲೆಕ್ಕಕ್ಕೆ ಸೇರುತ್ತೆ ಅನ್ನುವುದನ್ನು ಮೇಲೆ ನೋಡಿದೆವು. ಪೆಟ್ಟಿಗೆಯ ಮೋಹ ಇಲ್ಲದವರು ಸಣ್ಣ ಟ್ರಾವೆಲ್ ಪೌಚಿನಲ್ಲಿ ಕಳಿಸಿ ಅನ್ನಬಹುದು.

ಚರ್ಮದ ಪಟ್ಟಿಯ ಬಗ್ಗೆ ಯಾರೂ ಯೋಚಿಸಿರುವುದಿಲ್ಲ. ಹಸುವಿನ ಚರ್ಮ, ರಬ್ಬರು, ನೈಲಾನು, ಸ್ಟೀಲಿನ ಬ್ರೇಸ್‌ಲೆಟ್ಟು ಯಾವುದಕ್ಕೂ ತಕರಾರಿಲ್ಲ. ಅಲಿಗೇಟರ್, ಮೊಸಳೆ, ಹೆಬ್ಬಾವು ಇವು ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟ್ಸ್ ಒಪ್ಪಂದದ ಯಾದಿಯಲ್ಲಿವೆ. ಪರವಾನಗಿ ಪತ್ರವಿಲ್ಲದೆ ಬಂದರೆ ವಿಷಯ ಸುಂಕದಿಂದ ವನ್ಯಜೀವಿ ಅಪರಾಧಕ್ಕೆ ಹೊರಳುತ್ತೆ. ದುಬಾರಿ ಸ್ವಿಸ್ ಡ್ರೆಸ್ ವಾಚುಗಳು ಇಂಥ ಚರ್ಮದ ಪಟ್ಟಿಯ ಜೊತೆಗೇ ಬರುವುದು ಹೆಚ್ಚು. ಪಟ್ಟಿ ಬಿಚ್ಚಿ ಅಲ್ಲೇ ಇಟ್ಟುಕೊಂಡು ಬರೀ ವಾಚು ಕಳಿಸಿ ಅಂತ ಅಂಗಡಿಯವರಿಗೆ ಹೇಳಿದರೆ ಮಾಡಿಕೊಡುತ್ತಾರೆ, ಅವರಿಗೂ ಈ ತಲೆನೋವು ಗೊತ್ತು. ಇಲ್ಲಿ ನೂರೆಂಟು ಪಟ್ಟಿ ಸಿಗುತ್ತವೆ.

ನಕಲಿ ವಾಚಿನ ಬಗ್ಗೆ ಉಪದೇಶ ಮಾಡಲು ಹೋಗುವುದಿಲ್ಲ. ಇಷ್ಟು ತಿಳಿದಿರಲಿ: ಬೇರೆಯವರ ಹೆಸರನ್ನು ಡಯಲ್ಲಿನ ಮೇಲೆ ಹಾಕಿಕೊಂಡದ್ದು ನಕಲಿ. ವಿನ್ಯಾಸ ಹೋಲಿದರೂ ತನ್ನದೇ ಹೆಸರು ಹಾಕಿಕೊಂಡದ್ದು, ಹುಚ್ಚಿನವರು ಹೋಮೇಜ್ ಅನ್ನುವುದು, ಬೇರೆ. ಎರಡನೆಯದರ ಬಿಲ್ಲಿನಲ್ಲಿ ದೊಡ್ಡ ಕಂಪನಿಯ ಮಾದರಿಯ ಅಡ್ಡಹೆಸರು ಬರೆಯದಂತೆ ನೋಡಿಕೊಳ್ಳಬೇಕು. ರೋಲೆಕ್ಸ್ ಮಾದರಿಯ ಹೆಸರು ಹಿಡಿದು ‘ಸಬ್‌ಮರೀನರ್ ಸ್ಟೈಲ್’ ಅಂತ ಬಿಲ್ಲಿನಲ್ಲಿದ್ದರೆ 9,000 ರೂಪಾಯಿಯ ವಾಚು ಪಕ್ಕಕ್ಕೆ ಎತ್ತಿಡಿಸಿಕೊಳ್ಳುತ್ತೆ.

ಎಷ್ಟು ವಾಚು ಅನ್ನುವುದೂ ಮುಖ್ಯ. ಒಂದಾದರೆ ಸ್ವಂತಕ್ಕೆ. ಒಂದೇ ಮಾದರಿಯ ಮೂರು ಬಂದರೆ ನೋಡುವವರ ಕಣ್ಣಿಗೆ ವ್ಯಾಪಾರ. ಸ್ವಂತ ಬಳಕೆಯ ಆಮದಿಗೆ ಆಮದು ರಫ್ತು ಸಂಕೇತ, ಅಂದರೆ ಐಇಸಿ, ಬೇಕಿಲ್ಲ. ವ್ಯಾಪಾರಕ್ಕೆ ಬೇಕು. ಗೆಳೆಯರೆಲ್ಲ ಸೇರಿ ಸಾಗಣೆ ಉಳಿಸೋಣ ಅಂತ ಒಂದೇ ಪಾರ್ಸೆಲ್ಲಿನಲ್ಲಿ ತರಿಸಿ ಸಿಕ್ಕಿಕೊಳ್ಳುವುದು ಇಲ್ಲೇ. ಉಳಿಸಿದ ಸಾಗಣೆ ಖರ್ಚಿನ ಹತ್ತರಷ್ಟು ಓಡಾಟಕ್ಕೆ ಹೋಗುತ್ತೆ. ಹಳೆಯ ವಾಚು ತರಿಸುವವರೂ ಇದನ್ನು ನೆನಪಿಡಬೇಕು, ವಿದೇಶ ವ್ಯಾಪಾರ ನೀತಿಯಲ್ಲಿ ಬಳಸಿದ ಸರಕು ನಿರ್ಬಂಧಿತ ವರ್ಗಕ್ಕೆ ಸೇರಿದ್ದು. ಒಂದೇ ಒಂದು, ಸ್ವಂತಕ್ಕೆ ಅನ್ನುವುದು ಕಾಗದದಲ್ಲಿ ಕಣ್ಣಿಗೆ ಹೊಡೆಯುವ ಹಾಗಿರಲಿ.

ಅಂಚೆಯೋ ಕೊರಿಯರೋ? ಕೊರಿಯರಿನಲ್ಲಿ ಬಿಲ್ ಆಫ್ ಎಂಟ್ರಿಯನ್ನು ಅವರೇ ಹಾಕುತ್ತಾರೆ, ಒಂದು ಲಕ್ಷ ರೂಪಾಯಿವರೆಗಿನ ಸುಂಕ ಬೀಳುವ ಸರಕಿಗೆ 13ನೇ ನಮೂನೆ, ಅದಕ್ಕಿಂತ ಮೇಲಿನದಕ್ಕೆ 14ನೇ ನಮೂನೆ. ನಿಮ್ಮಿಂದ ಕೇಳುವುದು ಕೆವೈಸಿ. ಅಲ್ಲಿ ಕೆಡುವುದು ಬಹುಪಾಲು ಒಂದೇ ಕಾರಣಕ್ಕೆ: ಪಾರ್ಸೆಲ್ಲಿನ ಮೇಲಿನ ಹೆಸರು ಆಧಾರಿನ ಹೆಸರಿಗೆ ಹೊಂದುವುದಿಲ್ಲ. ನಮ್ಮ ಕಡೆಯ ಇನಿಷಿಯಲ್ಲುಗಳ ಗೊಂದಲ ಜಗತ್ಪ್ರಸಿದ್ಧ. ಆಧಾರಿನಲ್ಲಿ ಊರು, ತಂದೆಯ ಹೆಸರು, ಸ್ವಂತ ಹೆಸರು ಮೂರೂ ಬಿಡಿಸಿ ಬರೆದಿರುತ್ತೆ, ಅಂಗಡಿಯ ಖಾತೆಯಲ್ಲಿ ಅಡ್ಡಹೆಸರು ಮಾತ್ರ ಇರುತ್ತೆ. ಆರ್ಡರ್ ಮಾಡುವಾಗ ಗುರುತಿನ ಚೀಟಿಯಲ್ಲಿ ಇದ್ದ ಹಾಗೆಯೇ ಅಕ್ಷರ ಬಿಡದೆ ಹಾಕಿ. ಕೆಲಸದ ಜಾಗದ ವಿಳಾಸ ಕೊಟ್ಟರೆ ಪಾರ್ಸೆಲ್ ಕಂಪನಿಯ ಹೆಸರಿಗೆ ಬಂತೋ ನಿಮ್ಮ ಹೆಸರಿಗೆ ಬಂತೋ ಅನ್ನುವ ಪ್ರಶ್ನೆ ಏಳುತ್ತೆ, ಮನೆಯ ವಿಳಾಸ ಕೊಡಿ.

ಅಂಚೆ ನಿಧಾನ, ಖರ್ಚು ಕಡಿಮೆ. ಟ್ರ್ಯಾಕಿಂಗ್ ಸಂಖ್ಯೆ ಎಲ್ಲ ದೇಶಕ್ಕೂ ಒಂದೇ ಬಗೆ: ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ಕಳಿಸಿದ ದೇಶದ ಎರಡಕ್ಷರ. ‘ಇ’ಯಿಂದ ಶುರುವಾದರೆ ಇಎಂಎಸ್, ‘ಆರ್’ ಆದರೆ ನೋಂದಾಯಿತ ಅಂಚೆ, ‘ಸಿ’ ಆದರೆ ಪಾರ್ಸೆಲ್. ಭಾರತ ಮುಟ್ಟಿದ ಮೇಲೆ ಅದೇ ಸಂಖ್ಯೆಯನ್ನು ಇಂಡಿಯಾ ಪೋಸ್ಟ್‌ನ ಪುಟದಲ್ಲಿ ಹಾಕಬೇಕು, ಕಳಿಸಿದ ದೇಶದ ಪುಟ ಅಲ್ಲಿಗೆ ಮೂಕವಾಗಿರುತ್ತೆ. ಹೊರಗೆ ಅಂಟಿಸುವ ಘೋಷಣೆಯ ಚೀಟಿ 300 ಎಸ್‌ಡಿಆರ್ (ಐಎಂಎಫ್‌ನ ಲೆಕ್ಕದ ಏಕಮಾನ) ಒಳಗಿನ ಬೆಲೆಗೆ ಸಿಎನ್22, ಮೇಲಿನದಕ್ಕೆ ಸಿಎನ್23. ಬಿಲ್ಲಿನ ಒಂದು ಪ್ರತಿ ಒಳಗೆ, ಒಂದು ಪ್ರತಿ ಹೊರಗಿನ ಪಾರದರ್ಶಕ ಚೀಲದಲ್ಲಿ ಇಡಲು ಹೇಳಿ. ಹೊರಗೆ ಬಿಲ್ ಇಲ್ಲದ ಪಾರ್ಸೆಲ್ಲನ್ನು ಬಿಚ್ಚದೆ ಬೇರೆ ದಾರಿಯಿಲ್ಲ. ಸುಂಕವನ್ನು ಸಾಮಾನ್ಯವಾಗಿ ಪೋಸ್ಟ್‌ಮನ್ ಕೈಗೆ ಕಟ್ಟಿ ಬಿಡಿಸಿಕೊಳ್ಳುವುದು.

ಟ್ರ್ಯಾಕಿಂಗಿನ ಮಾತುಗಳಿಗೆ ಹೆದರುವುದು ಅರ್ಧಕ್ಕರ್ಧ ಭಾಷೆಯ ತೊಂದರೆ. ‘ಹೆಲ್ಡ್ ಬೈ ಕಸ್ಟಮ್ಸ್’ ಅಂದರೆ ಹಿಡಿದುಬಿಟ್ಟರು ಅಂತಲ್ಲ. ಪಾರ್ಸೆಲ್ ಸರದಿಯಲ್ಲಿ ನಿಂತಿದೆ, ಇನ್ನೂ ಯಾರೂ ನೋಡಿಲ್ಲ ಅಂತಲೂ ಆಗಬಹುದು. ಭಾನುವಾರ, ಹಬ್ಬ, ವರ್ಷದ ಕೊನೆಯ ದಟ್ಟಣೆ ಎಲ್ಲವೂ ಆ ಒಂದೇ ಸಾಲಿನೊಳಗೆ ಅಡಗಿರುತ್ತವೆ. ಎಚ್ಚರಗೊಳ್ಳಬೇಕಾದ್ದು ದಾಖಲೆ ಕೇಳಿ ಪತ್ರವೋ ಮೇಲೋ ಬಂದಾಗ. ಆಗ ಉತ್ತರ ಚಿಕ್ಕದಿರಲಿ. ಒಂದೇ ಪಿಡಿಎಫ್: ಬಿಲ್, ಹಣ ಕೊಟ್ಟ ಪುರಾವೆ, ಅಂಗಡಿಯ ಪುಟದ ಚಿತ್ರ, ಗುರುತಿನ ಚೀಟಿ, ಕೊನೆಗೆ ‘ಆಟೊಮ್ಯಾಟಿಕ್ ಕೈಗಡಿಯಾರ, ಸ್ಟೀಲ್ ಕೇಸು, ಇಂಥ ಮಾದರಿ, ಇಂಥ ಸೀರಿಯಲ್ ಸಂಖ್ಯೆ, ಒಂದು, ಸ್ವಂತ ಬಳಕೆಗೆ, ಮರುಮಾರಾಟಕ್ಕಲ್ಲ’ ಎಂಬ ಒಂದು ಸಾಲು, ಸಹಿ, ತಾರೀಕು. ಐದು ಮೇಲುಗಳಲ್ಲಿ ಐದು ಫೋಟೊ ಕಳಿಸಿದರೆ ಅವು ಬೇರೆ ಬೇರೆ ಮೇಜಿಗೆ ಹೋಗಿ ಕೂರುತ್ತವೆ. ಕೊರಿಯರಿನ ಗೋದಾಮಿನಲ್ಲಿ ಉಚಿತ ದಿನಗಳು ಮುಗಿದರೆ ಡೆಮರೇಜ್, ಅಂದರೆ ಇಟ್ಟುಕೊಂಡಿದ್ದಕ್ಕೆ ಬಾಡಿಗೆ, ಓಡಲು ಶುರುವಾಗುತ್ತೆ, ಹಾಗಾಗಿ ಕೇಳಿದ ದಿನವೇ ಕಳಿಸಿ.

ನಿಜವಾಗಿ ಹೆದರಬೇಕಾದ ಕರೆ ಕಸ್ಟಮ್ಸ್‌ನಿಂದ ಬರುವುದಿಲ್ಲ. ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ವಿಡಿಯೊ ಕರೆಯಲ್ಲೇ ಇರಿ, ಯಾರಿಗೂ ಹೇಳಬೇಡಿ ಅನ್ನುವ ಕರೆ ಬರುತ್ತಲ್ಲ, ವಿದೇಶದಿಂದ ಏನಾದರೂ ಬರುವುದಿದೆ ಅಂತ ಕಾಯುತ್ತ ಕೂತವರು ಅದಕ್ಕೆ ಬೇಗ ಬೀಳುತ್ತಾರೆ. ಮನಸ್ಸು ಆಗಲೇ ಅರ್ಧ ತಪ್ಪಿತಸ್ಥನ ಹಾಗೆ ಕೂತಿರುತ್ತೆ. ಫೋನಿನಲ್ಲಿ ಬಂಧಿಸುವ ಕಾನೂನು ಇಲ್ಲ. ಕಸ್ಟಮ್ಸ್ ಹಣ ಕೇಳುವುದು ಯಾರದೋ ಖಾತೆಗೋ ಯುಪಿಐಗೋ ಅಲ್ಲ. 2019ರ ನವೆಂಬರ್ 8ರಿಂದ ಇಲಾಖೆಯ ಪತ್ರಗಳ ಮೇಲೆ ಡಿಐಎನ್ ಎಂಬ ಗುರುತಿನ ಸಂಖ್ಯೆ ಹಾಕುವ ಪದ್ಧತಿ ಬಂದಿದೆ. ಕಸ್ಟಮ್ಸ್‌ನ ಮೇಲಿನ ಮಂಡಳಿಯಾದ ಸಿಬಿಐಸಿಯ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿ ಪತ್ರ ಅಸಲಿಯೋ ಅಂತ ನೋಡಬಹುದು. ‘ವಿಳಾಸ ಸರಿಯಿಲ್ಲ, 25 ರೂಪಾಯಿ ಕಟ್ಟಿ’ ಎಂಬ ಎಸ್‌ಎಂಎಸ್‌ನ ಕೊಂಡಿ ಮುಟ್ಟಬೇಡಿ, ಟ್ರ್ಯಾಕಿಂಗ್ ಸಂಖ್ಯೆಯನ್ನು ನೀವೇ ಅಂಚೆಯ ಅಥವಾ ಕೊರಿಯರಿನ ಪುಟದಲ್ಲಿ ಟೈಪ್ ಮಾಡಿ. ಹಣ ಹೋಗಿಯೇಬಿಟ್ಟಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಿ.

ಬಂದ ವಾಚು ಕೆಟ್ಟಿದ್ದರೆ ಏನು? ಸುಂಕ ವಾಪಸು ಪಡೆಯಲು ಕಾಯ್ದೆಯ 26ಎ ಕಲಂ ಇದೆ. ಬಿಡುಗಡೆಯ ಆದೇಶ ಆದ 30 ದಿನಗಳೊಳಗೆ ವಾಚನ್ನು ಮರಳಿ ರಫ್ತು ಮಾಡಬೇಕು, ಅದೇ ವಾಚು ಅಂತ ಗುರುತು ಸಿಗಬೇಕು, ಬಳಸಿರಬಾರದು. ಮಾರುವವನ ಜೊತೆ ಮೇಲಿನಲ್ಲಿ ಜಗಳವಾಡುವುದರಲ್ಲೇ 30 ದಿನ ಕಳೆದುಹೋಗುತ್ತೆ. ಡಬ್ಬಿ ತೆರೆಯುವಾಗ ವಿಡಿಯೊ ಮಾಡಿ, ಆ ದಿನವೇ ಕ್ರೌನ್ ತಿರುಗಿಸಿ, ದಿನಾಂಕ ಬದಲಿಸಿ, ಒಂದು ರಾತ್ರಿ ಇಟ್ಟು ಸಮಯ ನೋಡಿ. ಬೇಡವೇ ಬೇಡ ಅನ್ನಿಸಿದರೆ ಬಿಡುಗಡೆಯ ಆದೇಶ ಆಗುವ ಮುಂಚೆಯೇ 23ನೇ ಕಲಮಿನಡಿ ಹಕ್ಕು ಬಿಟ್ಟುಕೊಟ್ಟು ಸುಂಕದಿಂದ ಪಾರಾಗಬಹುದು. ತಪ್ಪು ಘೋಷಣೆಯ ಪ್ರಕರಣವಾಗಿದ್ದರೆ ಈ ದಾರಿಯೂ ಇಲ್ಲ.

ಸ್ವಿಸ್ ವಾಚಿನವರಿಗೆ ಈಚೆಗೆ ಒಂದು ಆಸೆ ಹುಟ್ಟಿದೆ. ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್, ಲಿಕ್ಟೆನ್‌ಸ್ಟೈನ್ ಕೂಟದ ಜೊತೆ 2024ರ ಮಾರ್ಚ್ 10ರಂದು ಭಾರತ ಸಹಿ ಹಾಕಿದ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಸ್ವಿಸ್ ವಾಚಿನ ಮೂಲ ಸುಂಕ ಮೆಟ್ಟಿಲು ಮೆಟ್ಟಿಲಾಗಿ ಏಳು ವರ್ಷಗಳಲ್ಲಿ ಸೊನ್ನೆಗೆ ಇಳಿಯಬೇಕು. ಇಳಿಯುವುದು ಮೂಲ ಸುಂಕ ಮಾತ್ರ, ಐಜಿಎಸ್‌ಟಿ ಅಲ್ಲ. ಡಯಲ್ಲಿನ ಕೆಳತುದಿಯಲ್ಲಿ ‘ಸ್ವಿಸ್ ಮೇಡ್’ ಅಂತ ಇದ್ದಮಾತ್ರಕ್ಕೂ ರಿಯಾಯಿತಿ ಸಿಗುವುದಿಲ್ಲ, ಮೂಲದೇಶದ ಘೋಷಣೆ ಸರಿಯಾದ ನಮೂನೆಯಲ್ಲಿ ಬೇಕು. ಹಾಂಗ್‌ಕಾಂಗಿನ ಗ್ರೇ ಮಾರ್ಕೆಟ್, ಅಂದರೆ ಕಂಪನಿಯ ಅಧಿಕೃತವಲ್ಲದ, ಅಂಗಡಿ ಅದನ್ನು ಎಲ್ಲಿಂದ ತರಬೇಕು?

ಕೈಯಲ್ಲಿ ಕಟ್ಟಿಕೊಂಡು ಬಂದರಾಯಿತಲ್ಲ ಅನ್ನುವವರಿಗೆ ಚುಟುಕಾಗಿ: ಕಟ್ಟಿಕೊಂಡ ಮಾತ್ರಕ್ಕೆ ಹೊಸ ವಾಚು ಹಳೆಯದಾಗುವುದಿಲ್ಲ. ಬ್ಯಾಗೇಜಿನ ಉಚಿತ ಮಿತಿ ದಾಟಿದರೆ ಕೆಂಪು ಚಾನೆಲ್ಲಿಗೆ ಹೋಗಿ ಘೋಷಿಸಬೇಕು. ಇಲ್ಲಿಂದಲೇ ದುಬಾರಿ ವಾಚು ಕಟ್ಟಿಕೊಂಡು ಹೊರಡುವವರು ವಿಮಾನ ಹತ್ತುವ ಮೊದಲು ನಿಲ್ದಾಣದ ಕಸ್ಟಮ್ಸ್ ಮೇಜಿನಲ್ಲಿ ರಫ್ತು ಪ್ರಮಾಣಪತ್ರ ಮಾಡಿಸಿಕೊಂಡರೆ ಬರುವಾಗ ಅದಕ್ಕೆ ಸುಂಕ ಕೇಳುವುದಿಲ್ಲ.

ಸರ್ವಿಸಿಗೆ ಹೊರದೇಶಕ್ಕೆ ಕಳಿಸಿ ವಾಪಸು ತರಿಸುವುದರಲ್ಲಿ ದುಡ್ಡು ಕಳೆದುಕೊಳ್ಳುವವರು ಬಹಳ. ನಿಯಮ ಉದಾರವಾಗಿಯೇ ಇದೆ: ಮೂರು ವರ್ಷದೊಳಗೆ ಮರಳಿದರೆ ಸುಂಕ ಬೀಳುವುದು ವಾಚಿನ ಪೂರ್ತಿ ಬೆಲೆಗಲ್ಲ, ರಿಪೇರಿಯ ಖರ್ಚು, ಹಾಕಿದ ಭಾಗಗಳ ಬೆಲೆ, ಹೋಗಿಬರುವ ಸಾಗಣೆ ಮತ್ತು ವಿಮೆಯ ಮೇಲೆ ಮಾತ್ರ. ಮುಖ್ಯ ಷರತ್ತು, ಹೋದದ್ದೂ ಬಂದದ್ದೂ ಒಂದೇ ವಾಚು ಅಂತ ತಿಳಿಯಬೇಕು. ಸುಮ್ಮನೆ ಸ್ಪೀಡ್‌ಪೋಸ್ಟ್ ಕವರಿನಲ್ಲಿ ಹಾಕಿ ಕಳಿಸಿದ ವಾಚಿಗೆ ಹೋದ ದಾಖಲೆಯೇ ಇರುವುದಿಲ್ಲ, ಬರುವಾಗ ಅದು ಹೊಸ ಆಮದು. ಕಳಿಸುವಾಗಲೇ ರಫ್ತಿನ ಕಾಗದದಲ್ಲಿ ‘ರಿಪೇರಿಗೆ, ಮರಳಿ ಬರುತ್ತದೆ’ ಎಂಬ ಮಾತು ಮತ್ತು ಸೀರಿಯಲ್ ಸಂಖ್ಯೆ ಬರಬೇಕು. ಸೈಕೊ ವಾಚಾದರೆ ಸಂಖ್ಯೆ ಹಿಂಬದಿ ಮುಚ್ಚಳದ ಮೇಲಿರುತ್ತೆ, ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ಹಳೆಯ ರೋಲೆಕ್ಸ್‌ನಲ್ಲಿ ಆರು ಗಂಟೆಯ ಕಡೆ, ಪಟ್ಟಿ ಸಿಕ್ಕಿಸುವ ಎರಡು ಕಿವಿಗಳ ನಡುವೆ, ಪಟ್ಟಿ ಬಿಚ್ಚಿದರೆ ಮಾತ್ರ ಕಾಣುವ ಜಾಗದಲ್ಲಿರುತ್ತೆ. ಸರ್ವಿಸಿನವರು ಹಿಂಬದಿ ಮುಚ್ಚಳವನ್ನೇ ಬದಲಿಸಿಬಿಟ್ಟರೆ ಸಂಖ್ಯೆಯೂ ಅದರ ಜೊತೆಗೇ ಹೋಯಿತು. ಹಳೆಯ ಮುಚ್ಚಳವನ್ನು ಅದೇ ಡಬ್ಬಿಯಲ್ಲಿ ಹಾಕಿ ಕಳಿಸಿ ಅಂತ ಮೊದಲೇ ಬರೆದು ಕೇಳಿಕೊಳ್ಳಬೇಕು.